ಆ ಹೆಸರು ಇಂಗ್ಲಿಷಿನಲ್ಲಿ

ಬಿಷ್ಕೆಕ್, ಹೆಣ್ಣುಮಕ್ಕಳ ಹಾಸ್ಟೆಲ್
6 ಅಕ್ಟೋಬರ್ 2002

ಪ್ರೀತಿಯ ಅಪಾ,

ನಿಮ್ಮ ಸೊಸೆಯ ಸಲಾಮು. ಹೆತ್ತವಳನ್ನೂ ಅಪಾ ಅನ್ನುತ್ತೇನೆ, ಅತ್ತೆಯಾದ ನಿಮ್ಮನ್ನೂ ಅಪಾ ಅನ್ನುತ್ತೇನೆ. ಈ ಎರಡಕ್ಷರ ಬರೆದ ಕೂಡಲೇ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ ಹಾಗಾಗಿ ಕೈ ನಿಂತಿತು. ಈ ಕಾಗದ ನಿಮಗೆ.

ನೀವು ಕಳಿಸಿದ ಒಣಮೊಸರಿನ ಉಂಡೆಗಳ ಗಂಟನ್ನು ಬಸ್ಸಿನ ಡ್ರೈವರು ಹಾಸ್ಟೆಲ್ ಬಾಗಿಲಿಗೇ ತಂದುಕೊಟ್ಟ. ದಾರಿಯಲ್ಲಿ ಒಂದೆರಡು ಬಾಯಿಗೆ ಹಾಕಿಕೊಂಡನಂತೆ, ತಾನೇ ಹೇಳಿದ. ಕಿಟಕಿಯಾಚೆ ಪಾಪ್ಲರ್ ಮರಗಳು ಹಳದಿಯಾಗಿವೆ. ಬೆಳಗ್ಗೆ ಎಚ್ಚರವಾದರೆ ಸ್ವಲ್ಪ ಹೊತ್ತು ಎಲ್ಲಿದ್ದೇನೆಂದೇ ತಿಳಿಯುವುದಿಲ್ಲ. ಟ್ರಾಲಿಬಸ್ಸಿನ ಸದ್ದನ್ನು ನಮ್ಮ ಹೊಳೆಯ ಸದ್ದೆಂದುಕೊಂಡು, ನೀರು ತರಬೇಕಲ್ಲಾ ಎಂದು ಕಾಲು ಕೆಳಗಿಡುತ್ತೇನೆ.

ಇಲ್ಲಿ ಮಾತಿಗೂ ಮಹಡಿಗಳಿವೆ ಅಪಾ. ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ಹುಡುಗರ ಮುಂದೆ ರಷ್ಯನ್. ಮೆಟ್ಟಿಲ ಕೆಳಗೆ, ಅಡುಗೆಮನೆಯಲ್ಲಿ, ಜ್ವರ ಬಂದಾಗ ನಮ್ಮ ಕಿರ್ಗಿಜ್, ಅದೂ ಪಿಸುದನಿಯಲ್ಲಿ. ತರಗತಿಯ ಹೊಸ್ತಿಲು ದಾಟಿದರೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ನಮ್ಮ ಟೀಚರ್ ನೀನಾ ಗ್ರಿಗೊರಿಯೆವ್ನಾ ಮೊದಲ ದಿನವೇ ಹೇಳಿದರು: "ನಿಮ್ಮ ಕೋಟನ್ನ ಹೊರಗೆ ಮೊಳೆಗೆ ಹಾಕಿ ಬರ್ತೀರಲ್ಲ, ನಿಮ್ಮ ಭಾಷೇನೂ ಅಲ್ಲೇ ಹಾಕಿ ಬನ್ನಿ." ನಾನು ನಿಜವಾಗಿಯೂ ಮೊಳೆಗಳ ಕಡೆ ನೋಡಿದೆ.

ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಮನೆಯವರ ಬಗ್ಗೆ ಹೇಳಿಸಿದರು. ನನ್ನ ಸರದಿ ಬಂತು. "ಮನೆಯ ಯಜಮಾನರು ಯಾರು? ಅವರ ಹೆಸರೇನು?" ನಾನು ಕಂಬದ ಹಾಗೆ ನಿಂತೆ. ಪಕ್ಕದಲ್ಲಿ ಕೂರುವ ರೆಜಿನಾ ಬೆನ್ನಿಗೆ ತಿವಿದಳು. ಅವಳು ಇದೇ ಊರಲ್ಲಿ ಹುಟ್ಟಿ ಬೆಳೆದ ಕಿರ್ಗಿಜ್ ಹುಡುಗಿ, ಆದರೆ ಕಿರ್ಗಿಜ್ ಮಾತು ಬಾರದು. ರಷ್ಯನ್‌ನಲ್ಲಿ ಪಿಸುಗುಟ್ಟಿದಳು:

"ಏನೇ, ನಿಮ್ಮ ಮಾವನ ಹೆಸರೇ ನಿಂಗೆ ಗೊತ್ತಿಲ್ವಾ?"

"ಗೊತ್ತು. ಹೇಳೋ ಹಾಗಿಲ್ಲ. ಮದುವೆಯಾಗಿ ಬಂದವಳು ಗಂಡನ ಕಡೆ ಹಿರಿಯರ ಹೆಸರು ಹೇಳಬಾರದು."

"ಹೇಳಿದ್ರೆ ಏನಾಗುತ್ತೆ? ಹಲ್ಲು ಉದುರುತ್ತಾ?"

"ಗೊತ್ತಿಲ್ಲ. ನಮ್ಮೂರಲ್ಲಿ ಯಾರೂ ಹೇಳಿ ನೋಡಿಲ್ಲ."

ಟೀಚರ್ ಕಾಯುತ್ತಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಅಪಾ, ಬೈಯಬೇಡಿ. ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ, ನನ್ನ ಮಾವನವರ ಹೆಸರು ಇಂಥದ್ದು ಎಂದುಬಿಟ್ಟೆ. ಕಿವಿ ಬಿಸಿಯಾಯಿತು. ಸೂರು ಕಳಚಿ ಬೀಳುತ್ತದೆಂದು ಕಾದೆ. ಏನೂ ಆಗಲಿಲ್ಲ. ಟೀಚರ್ "ಮುಂದೆ" ಎಂದರು.

ಹೊರಡುವ ದಿನ ಮಾವನವರು ಜೀನು ಬಿಗಿಯುತ್ತಾ ಹೇಳಿದ್ದು ಕಿವಿಯಲ್ಲೇ ಇದೆ: "ಪಾಸಾಗೋ ತನಕ ಓದು. ಒಂದು ಪರೀಕ್ಷೆ ಹೋಯ್ತೋ, ಎದ್ದು ಬಾ. ಕುದುರೆ ಹಾಲು ಕರೆಯೋಕೆ ಕೈ ಬೇಕು." ಕುದುರೆ ಹಾಲು ಕರೆಯಲು ನನಗೆ ಬೇಸರವಿಲ್ಲ, ನಿಮಗೂ ಗೊತ್ತು. ಆದರೆ ಈ ಓದು ಕೈಬಿಟ್ಟರೆ ನಾನು ಬದುಕಿಡೀ ಏನನ್ನೋ ಹುಡುಕುತ್ತಾ ಇರುತ್ತೇನೆ. ಅದಕ್ಕೇ ಹೇಳಿದೆ. ಮನಸ್ಸಿಟ್ಟು ಅಗೌರವ ಮಾಡಿದ್ದಲ್ಲ.

ಗಡಿಯ ಠಾಣೆಯಿಂದ ನಿಮ್ಮ ಮಗನ ಕಾಗದ ಬಂದಿತ್ತು. ಚೆನ್ನಾಗಿದ್ದಾರಂತೆ. ಕಾಲುಚೀಲ ಬೇಕಂತೆ.

ನಿಮ್ಮ ಸೊಸೆ,
ಕನಿಷಾಯ್


ಕಾರಾ-ಬುಲುನ್
27 ಅಕ್ಟೋಬರ್ 2002

ಮಗಳೇ ಕನಿಷಾಯ್,

ನಿನ್ನ ಕಾಗದ ಓದಿದೆ. ಮತ್ತೆ ಓದಿದೆ. ಒಲೆಗೆ ಹಾಕಲೇ ಎಂದು ಎದ್ದವಳು ಹಾಕದೆ ದಿಂಬಿನ ಕೆಳಗೆ ಇಟ್ಟೆ.

ನಿನಗೇನು ಬುದ್ಧಿ ಗಿದ್ಧಿ ಇದೆಯೇ? ನಾನು ಈ ಮನೆಗೆ ಬಂದಾಗ ಮೈದುನನ ಹೆಸರನ್ನು ಕೂಡ ಹೇಳುವಂತಿರಲಿಲ್ಲ. ಯಾವಾಗ ನೋಡಿದರೂ ಪುಸ್ತಕ ಹಿಡಿದಿರುತ್ತಿದ್ದ, "ಓದೋ ಹುಡುಗ" ಎಂದು ನಾನೇ ಹೆಸರಿಟ್ಟೆ. ಈಗ ಅವನು ನಿಮ್ಮ ವಿಭಾಗದಲ್ಲಿ ಟೈ ಕಟ್ಟಿಕೊಂಡು ಉಪಮುಖ್ಯಸ್ಥನಾಗಿ ಕೂತಿದ್ದಾನೆ. ತಲೆ ಬೆಳ್ಳಗಾಗಿದೆ. ನನಗೆ ಇನ್ನೂ ಓದೋ ಹುಡುಗನೇ. ಅವನಿಗೂ ಆ ಹೆಸರಿಂದ ಕರೆದರೇನೇ ಖುಷಿ.

ಇನ್ನು ಯಜಮಾನರ ಹೆಸರು. ನಾನು ಹೇಳಿದವಳೇ ಅಲ್ಲ. ಎದುರಿಗಿದ್ದರೆ "ಇವರೇ", ಎದುರಿಗಿಲ್ಲದಿದ್ದರೆ "ನಮ್ಮನೆಯವರು". ಅಷ್ಟರಲ್ಲೇ ಮದುವೆಯೂ ನಡೆಯಿತು, ಮಗನೂ ಹುಟ್ಟಿದ, ಮೂರು ಸಲ ಮನೆಗೆ ಸುಣ್ಣವೂ ಬಳಿದದ್ದಾಯಿತು.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಬೇಕಲ್ಲ. ಕನ್ನಡಕ ಹಾಕಿಕೊಂಡರೆ ಮುದುಕನಾಗುತ್ತೇನೆಂದು ಅವರ ಹಟ. ಆ ಜಾಗ ಬಂದಾಗ ಕೆಮ್ಮಿದೆ.

"ಯಾಕೆ ಕೆಮ್ತೀಯ?"

"ಹೊಗೆ."

"ಒಲೇನೇ ಹಚ್ಚಿಲ್ವಲ್ಲೇ!"

"ಹಚ್ಚೋಕೆ ಮುಂಚೇನೇ ಬಂತು. ಸುಮ್ನೆ ಕೇಳಿ."

ಇನ್ನು ಮೇಲೆ ಹಾಗೆಲ್ಲ ಬರೆಯಬೇಡ. ಬರೆದರೂ ಬೇರೆ ಹಾಳೆಯಲ್ಲಿ ಬರೆ.

ಒಂದು ಕೇಳುತ್ತೇನೆ. ಅದು ಬಾಯಿಂದ ಹೇಗೆ ಹೊರಬಂತು? ದನಿ ನಿನ್ನದೇ ಇತ್ತೋ, ಬೇರೆ ಯಾರದೋ ಅನ್ನಿಸಿತೋ? ನಾವು ಶಾಲೆಯಲ್ಲಿ ಜರ್ಮನ್ ಕಲಿತವರು. ಹತ್ತನೇ ತರಗತಿವರೆಗೂ ಕಲಿತೆ, ಈಗ ಅದರಲ್ಲಿ ಒಂದು ಕುರಿಯನ್ನು ಕೂಡ ಕರೆಯಲು ಬಾರದು. ಅದಕ್ಕೇ ಕೇಳಿದೆ, ಬೇರೇನಿಲ್ಲ.

ಕಾಲುಚೀಲ ಕಳಿಸಿದ್ದೇನೆ. ನಿನಗೂ ಒಂದು ಜೊತೆ ಇದೆ.

ನಿನ್ನ ಅಪಾ


ಬಿಷ್ಕೆಕ್
15 ಡಿಸೆಂಬರ್ 2002

ಪ್ರೀತಿಯ ಅಪಾ,

ಇದು ಬೇರೆ ಹಾಳೆ. ಮೇಲಿನ ಹಾಳೆಯನ್ನು ಮಾವನವರಿಗೆ ಓದಿ, ಇದನ್ನು ಮಡಿಚಿಡಿ.

ದನಿ ನನ್ನದಾಗಿರಲಿಲ್ಲ. ನೀವು ಕೇಳಿದ ಮೇಲೆಯೇ ಯೋಚಿಸಿದೆ. ಇಂಗ್ಲಿಷ್ ಆಡುವಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಮಗಳೂ ಅಲ್ಲ. ಅದರಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಮಾತು. ನಿಮ್ಮನ್ನೂ ಬೆಕ್ಕನ್ನೂ ಒಂದೇ ಮಾತಿನಿಂದ ಕರೆಯುತ್ತಾರೆ ಎಂದರೆ ನಂಬುತ್ತೀರಾ? ಮೊದಮೊದಲು ಮೈ ಹಗುರಾಗಿ ನೆಲ ಬಿಟ್ಟು ನಡೆದ ಹಾಗಿತ್ತು. ಕೆಲವು ದಿನ ಆ ಹಗುರವೇ ಭಯ ಹುಟ್ಟಿಸುತ್ತದೆ. ಚಳಿಯಲ್ಲಿ ಹೊದಿಕೆಯಿಲ್ಲದೆ ಮಲಗಿದ ಹಾಗೆ, ಯಾರಾದರೂ ಬಂದು ಏನಾದರೂ ಹೊದಿಸಲಿ ಅನ್ನಿಸುತ್ತದೆ.

ರಷ್ಯನ್ ಹಾಗಲ್ಲ. ಬಾಯಿ ತೆರೆದ ಕೂಡಲೇ ನಾನು ಎಲ್ಲಿಯವಳೆಂದು ಗೊತ್ತಾಗಿ ಮೂಗು ಮುರಿಯುತ್ತಾರೆ. ಶುರುವಿನಲ್ಲಿ ರೆಜಿನಾ ನನ್ನನ್ನು "ಗುಡ್ಡದ ಮೇಡಂ" ಎಂದು ಕರೆಯುತ್ತಿದ್ದಳು. ಇಂಗ್ಲಿಷ್ ಬಂದ ಮೇಲೆ ಎಲ್ಲರೂ ಸಮಾನರು, ಎಲ್ಲರೂ ಒಟ್ಟಿಗೆ ತೊದಲುತ್ತೇವೆ. ಪರಲೋಕದಲ್ಲಿ ಹೀಗೆಯೇ ಇರಬಹುದು.

ಅದೇ ರೆಜಿನಾ ಮೊನ್ನೆ ಕ್ಯಾಂಟೀನಿನಲ್ಲಿ ಚಹಾ ಆರಿಸುತ್ತಾ ಇದ್ದಕ್ಕಿದ್ದಂತೆ ಹೇಳಿದಳು: "ನಮ್ಮಜ್ಜಿ ಏನೋ ಹೇಳ್ತಾಳೆ ಕಣೇ. ದಿನಾ ಹೇಳ್ತಾಳೆ. ನಾನು ಹೂಂ ಹೂಂ ಅಂತೀನಿ. ನನಗೊಂದು ಅಕ್ಷರ ಅರ್ಥವಾಗಲ್ಲ." ಬಟ್ಟಲು ಕೆಳಗಿಟ್ಟು, "ನಂಗೆ ಕಿರ್ಗಿಜ್ ಕಲಿಸ್ತೀಯಾ? ಯಾರಿಗೂ ಹೇಳ್ಬೇಡ," ಎಂದಳು. ಎಲ್ಲರೂ ಮುಚ್ಚಿಟ್ಟುಕೊಂಡು ಓಡಾಡುವ ಭಾಷೆಯನ್ನು ಇವಳು ಕದ್ದು ಕಲಿಯುತ್ತಿದ್ದಾಳೆ. ಅವಳು ನನ್ನ ಇಂಗ್ಲಿಷ್ ತಿದ್ದುತ್ತಾಳೆ, ನಾನು ಅವಳಿಗೆ "ಅಜ್ಜೀ, ಕಾಲು ನೋಯ್ತಾ ಇದ್ಯಾ?" ಎಂದು ಕೇಳುವುದನ್ನು ಹೇಳಿಕೊಡುತ್ತೇನೆ.

ಒಂದು ಕನಸು ಬಿತ್ತು. ನಮ್ಮ ಬೇಸಿಗೆಯ ಹುಲ್ಲುಗಾವಲು. ಗುಡಾರದ ಸುತ್ತ ಎಲ್ಲರೂ ಇಂಗ್ಲಿಷ್ ಆಡುತ್ತಿದ್ದಾರೆ, ಕುದುರೆಗಳು ಕೂಡ. ನೀವು ಚರ್ಮದ ಚೀಲದಲ್ಲಿ ಕುದುರೆ ಹಾಲು ಹುಳಿಸಿದ ಕುಮಿಸ್ ಕಡೆಯುತ್ತಾ ಇಂಗ್ಲಿಷಿನಲ್ಲಿ ಗೊಣಗುತ್ತಿದ್ದೀರಿ. ಮಾವನವರು ಬಂದು ಚಹಾ ಕೇಳಿದರು. ನಾನು ಅವರ ಹೆಸರು ಹಿಡಿದು, ತಗೊಳ್ಳಿ, ಎಂದೆ. ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ಎಚ್ಚರದಲ್ಲಿ ನೋಡಿಲ್ಲ. ಎದ್ದು ಕೂತು, ಬಾಯಿಬಿಟ್ಟು ಏನಾದರೂ ಹೇಳಿದೆನಾ ಎಂದು ಪಕ್ಕದ ಮಂಚದವಳನ್ನು ಕೇಳಿದೆ. "ಕುದುರೆ ಹಾಗೆ ಕೆನೆದೆ," ಎಂದಳು.

ನಿಮ್ಮ ಸೊಸೆ,
ಕನಿಷಾಯ್


ಕಾರಾ-ಬುಲುನ್
20 ಫೆಬ್ರವರಿ 2003

ಮಗಳೇ,

ಹಿಮದಿಂದ ಬಸ್ಸು ನಿಂತಿತ್ತು, ಅದಕ್ಕೇ ತಡ. ಕಿಟಕಿಯ ಅರ್ಧದವರೆಗೂ ಬೆಳ್ಳಗಿದೆ. ಮನೆಯೊಳಗೆ ಹಗಲೂ ಹಾಲಿನ ಬಣ್ಣದ ಬೆಳಕು. ಕುರಿಗಳು ಕೂಗಿದರೆ ಎಲ್ಲೋ ದೂರದ ಊರಿನಲ್ಲಿ ಕೂಗಿದಂತೆ ಕೇಳುತ್ತದೆ. ಇಂಥ ದಿನಗಳಲ್ಲಿ ಏನೇನೋ ಯೋಚನೆ ಬರುತ್ತದೆ.

ಪಕ್ಕದ ಮನೆಯವಳು ಬಂದು, "ನಿಮ್ಮ ಸೊಸೆ ಇಂಗ್ಲಿಷ್ ಕಲ್ತು ಬಂದ್ಮೇಲೆ ನಿಮ್ಮ ಕೈಲಿ ನೀರು ತರಿಸ್ತಾಳೆ ನೋಡ್ತಿರಿ," ಎಂದಳು. "ತರಿಸ್ಲಿ. ಇಂಗ್ಲಿಷಲ್ಲಿ ಕೇಳಿದ್ರೆ ನಂಗೆ ಅರ್ಥವಾಗಲ್ಲ, ಕೂತೇ ಇರ್ತೀನಿ," ಎಂದೆ.

ನಮ್ಮನೆಯವರು ದಿನವೂ ಕೇಳುತ್ತಾರೆ, ಹುಡುಗಿ ಏನು ಬರೆದಳು ಎಂದು. ಹಳೆಯ ಕಾಗದವನ್ನೇ ಮತ್ತೆ ಓದುತ್ತೇನೆ. ಬೇರೆ ಹಾಳೆಯನ್ನಲ್ಲ.

ಆ ಬೇರೆ ಹಾಳೆ ಓದಿದ ಮೇಲೆ ನನಗೂ ಒಂದು ಹುಚ್ಚು ಹಿಡಿಯಿತು. ಕೊಟ್ಟಿಗೆಗೆ ಹೋಗಿದ್ದೆ. ಯಾರೂ ಇರಲಿಲ್ಲ, ಹಸು ಒಂದೇ. ಒಂದು ಸಲ ಹೇಳಿ ನೋಡೋಣ ಅನ್ನಿಸಿತು. ಬಾಯಿ ತೆರೆದೆ. ಹಸು ತಿರುಗಿ ನನ್ನನ್ನೇ ನೋಡಿತು. ಬಾಯಿ ಮುಚ್ಚಿದೆ. ನಾಚಿಕೆಯಾಯಿತು ಕಣೇ, ಈ ವಯಸ್ಸಿನಲ್ಲಿ! ಆಮೇಲೆ ಹಾಲು ಕರೆಯುತ್ತಾ ನನಗೇ ನಗು ಬಂದು ಹಸು ಒದೆಯಿತು.

ಒಂದು ಕೆಲಸ ಮಾಡು. ಅವರ ಹೆಸರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಅದನ್ನು ಬರೆದು ಕಳಿಸು. ಸುಮ್ಮನೆ ತಿಳಿದುಕೊಳ್ಳಲು.

ಪರೀಕ್ಷೆ ಜೂನಿನಲ್ಲಲ್ಲವೇ? ಚೆನ್ನಾಗಿ ತಿನ್ನು. ಹಸಿದ ಹೊಟ್ಟೆಗೆ ಯಾವ ಭಾಷೆಯೂ ಹತ್ತುವುದಿಲ್ಲ.

ನಿನ್ನ ಅಪಾ


ಬಿಷ್ಕೆಕ್
11 ಏಪ್ರಿಲ್ 2003

ಪ್ರೀತಿಯ ಅಪಾ,

ಬೇರೆ ಹಾಳೆ.

ಹೆಸರು ಇಂಗ್ಲಿಷಿನಲ್ಲೂ ಅದೇ. ಬದಲಾಗುವುದಿಲ್ಲ. ಹಾಗಿದ್ದರೆ ಅಲ್ಲಿ ಹೇಗೆ ಹೇಳುತ್ತೀಯೆಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಕಾಗದದ ಮೇಲೆ, ನಿಮಗೆ ಬರೆಯುವಾಗ, ನಮ್ಮ ಭಾಷೆಯ ನಡುವೆ ಅದನ್ನು ಬರೆಯಲು ಹೋದರೆ ಈಗಲೂ ಕೈ ತಡೆಯುತ್ತದೆ.

ನಿಮ್ಮ ಓದೋ ಹುಡುಗ, ಅಂದರೆ ಪಟ್ಟಣದ ಮಾವ, ಜೂನಿನ ಮೌಖಿಕ ಪರೀಕ್ಷೆಯಲ್ಲಿ ನೀನಾ ಗ್ರಿಗೊರಿಯೆವ್ನಾ ಜೊತೆ ಕೂರುತ್ತಾರಂತೆ. ಇಡೀ ವರ್ಷ ಅವರನ್ನು ಕಾರಿಡಾರಿನ ಆ ತುದಿಯಲ್ಲಿ ಕಂಡರೆ ತಲೆ ಬಾಗಿಸಿ ಗೋಡೆಗೆ ಸರಿಯುತ್ತಿದ್ದೆ. ಅವರೂ ತಲೆಯಾಡಿಸಿ ಹೋಗುತ್ತಿದ್ದರು. ಇನ್ನು ಅವರ ಎದುರೇ ಬಾಯಿ ತೆರೆಯಬೇಕು.

ನಿಮ್ಮ ಸೊಸೆ


ಬಿಷ್ಕೆಕ್
21 ಜೂನ್ 2003

ಅಪಾ,

ನಾನು ನಪಾಸಾದೆ.

ಬೇರೆ ಎಲ್ಲ ವಿಷಯಗಳಲ್ಲೂ ಒಳ್ಳೆಯ ಅಂಕ ಬಂದಿದೆ. ಇಂಗ್ಲಿಷ್ ಮೌಖಿಕದಲ್ಲಿ ಮಾತ್ರ ಹೋಯಿತು. ಹೇಗೆಂದು ನಿಮಗೊಬ್ಬರಿಗೇ ಹೇಳಬಲ್ಲೆ.

ಮೇಜಿನ ಮೇಲೆ ಚೀಟಿಗಳನ್ನು ಬೋರಲು ಹಾಕಿದ್ದರು. ಕಿಟಕಿ ತೆರೆದಿತ್ತು. ಪಾಪ್ಲರ್ ಮರದ ಹತ್ತಿ ಒಳಗೆಲ್ಲ ಹಾರಿ ಬಂದು ಚೀಟಿಗಳ ಮೇಲೆ ಕೂರುತ್ತಿತ್ತು. ಬೇಸಿಗೆಯಲ್ಲಿ ಹಿಮ ಬಿದ್ದ ಹಾಗೆ, ಎಲ್ಲವೂ ನಿಧಾನ. ಚೀಟಿ ಎತ್ತಿದೆ. "ನಿಮ್ಮ ಮನೆಯ ಹಿರಿಯರ ಬಗ್ಗೆ ಹೇಳಿ." ವರ್ಷದ ಮೊದಲ ದಿನ ಹೇಳಿದ್ದ ಅದೇ ಪಾಠ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ.

ಎದುರಿಗೆ ಪಟ್ಟಣದ ಮಾವ. ಅವರ ಮೂಗು, ಹುಬ್ಬು, ಕೈಯನ್ನು ಮೊಣಕಾಲ ಮೇಲೆ ಇಡುವ ರೀತಿ, ಎಲ್ಲ ನಮ್ಮ ಮಾವನವರದೇ. ಆ ಕೊಠಡಿಯಲ್ಲಿ ನಾನು ಮತ್ತೆ ಸೊಸೆಯಾಗಿಬಿಟ್ಟೆ. ಮೊಳೆಗೆ ಹಾಕಿ ಬಂದಿದ್ದೆಲ್ಲ ತಾನಾಗಿ ಬಂದು ಹೆಗಲ ಮೇಲೆ ಕೂತಿತು. ಹಿರಿಯರ ಹೆಸರೇನೆಂದು ಟೀಚರ್ ಕೇಳಿದರು. ನಾಲಿಗೆ ಹೊರಳಲಿಲ್ಲ. "ಅವರು ಬೂದು ಕುದುರೆಯ ಯಜಮಾನರು," ಎಂದೆ. "ಹೆಸರು ಕೇಳಿದೆ," ಎಂದರು. "ಅವರು ನನ್ನ ಗಂಡನ ತಂದೆ," ಎಂದೆ. "ಹೆಸರು?" "ಅವರು ಎತ್ತರ ಇದ್ದಾರೆ." ಹೊರಗೆ ಯಾರೋ ನಕ್ಕರು. ಆಮೇಲೆ ಮಾತೇ ನಿಂತುಹೋಯಿತು.

"ಒಂದು ವರ್ಷ ಕಲಿತವಳಿಗೆ ಒಂದು ಹೆಸರು ಹೇಳೋಕೆ ಬರಲ್ಲವೇ?" ಎಂದು ನೀನಾ ಗ್ರಿಗೊರಿಯೆವ್ನಾ ಬೇಸರದಿಂದ ಪೆನ್ನು ಎತ್ತಿಕೊಂಡರು. ಪಟ್ಟಣದ ಮಾವನಿಗೆ ಎಲ್ಲ ಗೊತ್ತಿತ್ತು, ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ತಮ್ಮ ಮನೆಯ ಸೊಸೆಯ ಪರವಾಗಿ ಅವರು ಹೇಗೆ ಬಾಯಿ ಹಾಕಿಯಾರು? ಕೈಯಲ್ಲಿದ್ದ ಪೆನ್ಸಿಲನ್ನೇ ನೋಡುತ್ತಾ ಕೂತರು.

ಆಗಸ್ಟ್ ಕೊನೆಯಲ್ಲಿ ಇನ್ನೊಂದು ಅವಕಾಶವಿದೆ. ಅದೂ ಹೋದರೆ ಹೆಸರು ತೆಗೆದುಹಾಕುತ್ತಾರೆ. ರೆಜಿನಾ ರೇಗಿದಳು: "ಒಂದು ಹೆಸರು ಕಣೇ! ಯಾವುದಾದ್ರೂ ಸುಳ್ಳು ಹೆಸರು ಹೇಳಿದ್ರೆ ಆಗ್ತಿತ್ತಲ್ಲ!" ಅದು ನನಗೆ ಹೊಳೆಯಲೇ ಇಲ್ಲ ಅಪಾ. ಹೊಳೆದಿದ್ದರೂ, ತಮ್ಮನ ಎದುರು ಅಣ್ಣನಿಗೆ ಬೇರೆ ಹೆಸರಿಡಲೇ?

ಮಾವನವರ ಮಾತಿನಂತೆ ನಾನು ಹೊರಟು ಬರಬೇಕು. ಪೆಟ್ಟಿಗೆ ಕಟ್ಟಿದ್ದೇನೆ, ಬಿಚ್ಚಿದ್ದೇನೆ. ಹಾಸ್ಟೆಲ್ ಮುಚ್ಚುತ್ತಾರೆ. ರೆಜಿನಾ ತನ್ನ ಅಜ್ಜಿಯ ಮನೆಗೆ ಕರೆಯುತ್ತಿದ್ದಾಳೆ. ಏನು ಮಾಡಲಿ, ನೀವೇ ಹೇಳಿ. ನನಗೆ ಬಹಳ ಅಳು ಬರುತ್ತಿದೆ.

ಕನಿಷಾಯ್


ಸಾರಿ-ಜೋನ್ ಹುಲ್ಲುಗಾವಲು
19 ಜುಲೈ 2003

ಮಗಳೇ,

ನಿನ್ನ ಕಾಗದ ಹಾಲಿನ ಲಾರಿಯಲ್ಲಿ ಮೇಲೆ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನು ಬರೆಯಬೇಕೆಂದು ತೋಚಲಿಲ್ಲ. ನೀನು ರೆಜಿನಾಳ ಅಜ್ಜಿಯ ಮನೆಯಲ್ಲಿ ಇದ್ದೀಯೆಂದು ಲಾರಿಯವನು ಹೇಳಿದ. ಅಲ್ಲೇ ಇರು.

ನಪಾಸಾದ ಸುದ್ದಿಯನ್ನು ನಮ್ಮನೆಯವರಿಗೆ ಹೇಳಿದೆ. ಯಾಕೆಂದು ಹೇಳಲಿಲ್ಲ, ಹೇಗೆ ಹೇಳಲಿ? "ಇನ್ನೊಂದು ಸಲ ಬರೀತಾಳಂತೆ," ಎಂದೆ. ಹಗ್ಗ ಹೊಸೆಯುತ್ತಿದ್ದರು. "ಬರೀಲಿ. ಅದೂ ಹೋದ್ರೆ ಬರ್ತಾಳೆ," ಎಂದರು. ಅಷ್ಟೇ.

ಈಗ ಮೊನ್ನೆ ನಡೆದದ್ದು ಬರೆಯುತ್ತೇನೆ. ಯಾರಿಗೂ ತೋರಿಸಬೇಡ.

ಮಧ್ಯಾಹ್ನ ಬೂದು ಕುದುರೆ ಮರಿಯ ಜೊತೆ ಬೆಟ್ಟದ ಏರಿಯ ಆಚೆ ಹೋಗಿತ್ತು. ಇವರು ಹುಡುಕಿಕೊಂಡು ನಡೆದೇ ಹೋದರು. ಅವರು ಹೋದ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಇಳಿಯಿತು ಅಂದರೆ, ಆಕಾಶವೇ ಬಂದು ಹುಲ್ಲಿನ ಮೇಲೆ ಮಲಗಿತು. ಗುಡಾರದ ಬಾಗಿಲಲ್ಲಿ ನಿಂತರೆ ನನ್ನ ಕೈ ನನಗೆ ಕಾಣಿಸದು. ನನಗೆ ಮೊದಲು ಭಯವಾಗಲಿಲ್ಲ, ಚೆಂದ ಅನ್ನಿಸಿತು. ಆಮೇಲೆ ಆ ಏರಿಯ ಪಕ್ಕದ ಕಮರಿ ನೆನಪಾಯಿತು. ಹೋದ ವರ್ಷ ಎರಡು ಎಳೆ ಕುದುರೆಗಳು ಬಿದ್ದದ್ದು ಅಲ್ಲೇ.

ಬೋಗುಣಿ ಬಡಿದೆ. ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ, ಯಾವ ಕಡೆಗೆ ನಡೆಯಬೇಕೆಂದು ಕೇಳುವವನಿಗೆ ತಿಳಿಯುವುದಿಲ್ಲ. "ಇವರೇ! ಓ ಇವರೇ!" ಎಂದು ಕೂಗಿದೆ. ಆಚೆ ದಿಣ್ಣೆಯ ಗುಡಾರದವನು "ಏನೇ?" ಎಂದು ಓಗೊಟ್ಟ. ಅವನ ಹೆಂಡತಿಯೂ ಅವನನ್ನು ಹಾಗೆಯೇ ಕರೆಯುವುದು. "ನೀನಲ್ಲಪ್ಪಾ!" ಎಂದೆ. "ಮಗನ ಅಪ್ಪಾ!" ಎಂದು ಕೂಗಿದೆ. ಅದಕ್ಕೆ ಎರಡು ಕಡೆಯಿಂದ ಗಂಡಸರು ಉತ್ತರ ಕೊಟ್ಟರು. ಆ ಬೆಟ್ಟದಲ್ಲಿ ಮಗನ ಅಪ್ಪನಲ್ಲದವನು ಯಾರಿದ್ದಾನೆ! ನಮ್ಮವರ ದನಿ ಮಾತ್ರ ಇಲ್ಲ.

ಕಮರಿಯ ಕಡೆಯಿಂದ ಒಂದು ಕಲ್ಲು ಉರುಳಿದ ಸದ್ದು ಕೇಳಿತು. ಆಗ ಕೂಗಿದೆ, ಮಗಳೇ. ಅವರ ಹೆಸರು ಹಿಡಿದು ಕೂಗಿದೆ. ಬಾಯಿಂದ ಬಂತು ಎನ್ನಲಾರೆ, ಹೊಟ್ಟೆಯಿಂದ ಬಂತು. ಒಂದು ಸಲ ಹೊರಬಿದ್ದ ಮೇಲೆ ನಿಲ್ಲಿಸಲಾಗಲಿಲ್ಲ. ಮತ್ತೆ ಕೂಗಿದೆ, ಮತ್ತೆ ಕೂಗಿದೆ. ಇಂಗ್ಲಿಷ್ ಇರಲಿಲ್ಲ, ಏನೂ ಇರಲಿಲ್ಲ. ನಮ್ಮ ಭಾಷೆಯಲ್ಲೇ ಕೂಗಿದೆ.

ಮಂಜಿನೊಳಗಿಂದ ಉತ್ತರ ಬಂತು. "ಬಂದೆ ಅವ್ವಾ!"

ಆ ದನಿ ಗಂಡಸಿನದಾಗಿರಲಿಲ್ಲ, ಯಾವುದೋ ಚಿಕ್ಕ ಹುಡುಗನದು. ಕೂಗುತ್ತಲೇ ಇದ್ದೆ. ಅವರು ಆ ದನಿಯ ಕಡೆಗೇ ನಡೆದು ಮಂಜಿನಿಂದ ಹೊರಗೆ ಬಂದರು, ಹಿಂದೆ ಕುದುರೆ, ಕುದುರೆಯ ಹಿಂದೆ ಮರಿ. ನನ್ನನ್ನು ನೋಡಿ ನಿಂತರು.

"ನೀನಾ?" ಎಂದರು.

"ನಾನೇ," ಎಂದೆ.

ಕುದುರೆ ಕಟ್ಟಿದರು, ಚಹಾ ಕುಡಿದರು. ಸಂಜೆ ಬೆಂಕಿಯ ಕಡೆ ನೋಡುತ್ತಾ ಹೇಳಿದರು: "ಅವ್ವ ಕರೆದಳು ಅಂದ್ಕೊಂಡೆ. ಅವಳು ಹೋದ್ಮೇಲೆ ಹೆಣ್ಣು ದನೀಲಿ ನನ್ನ ಹೆಸರು ಕೇಳಿರ್ಲಿಲ್ಲ." ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ನಿನಗೆ ಹೇಳು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಆ ಹೆಸರು ನನ್ನದಲ್ಲ, ಅಪ್ಪಣೆ ಕೊಡಲು ನಾನ್ಯಾರು? ನಡೆದದ್ದು ತಿಳಿಸಿದೆ ಅಷ್ಟೇ.

ರೆಜಿನಾಳ ಅಜ್ಜಿಗೆ ಕುಮಿಸ್ ಕಳಿಸಿದ್ದೇನೆ. ಬಿರಡೆ ನಿಧಾನ ತೆಗೆ, ಇಲ್ಲದಿದ್ದರೆ ಸೂರಿಗೆ ಹಾರುತ್ತದೆ.

ನಿನ್ನ ಅಪಾ


ಬಿಷ್ಕೆಕ್
30 ಆಗಸ್ಟ್ 2003

ಪ್ರೀತಿಯ ಅಪಾ,

ಇವತ್ತು ಬೇರೆ ಹಾಳೆ ಇಲ್ಲ. ಇದನ್ನು ಮಾವನವರಿಗೆ ಪೂರ್ತಿ ಓದಿ. ನಿಮ್ಮ ಮಂಜಿನ ಮಾತು ಹೊರಗೆ ಬಿಟ್ಟದ್ದಕ್ಕೆ ಮೊದಲು ನೀವು ನನ್ನನ್ನು ಬೈದು, ಆಮೇಲೆ ಓದಿ.

ನಿನ್ನೆ ಪರೀಕ್ಷೆ. ಅದೇ ಕೊಠಡಿ, ಅದೇ ಇಬ್ಬರು. ಚೀಟಿ ಎತ್ತಿದರೆ "ಹವಾಮಾನ" ಎಂದಿತ್ತು. ಎದೆ ಹಗುರಾಯಿತು. ಅದರಲ್ಲಿ ಯಾರ ಹೆಸರೂ ಇಲ್ಲ. ಪುಸ್ತಕದಲ್ಲಿದ್ದದ್ದನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸತೊಡಗಿದೆ: ಲಂಡನ್ನಿನಲ್ಲಿ ಮಳೆ, ಲಂಡನ್ನಿನಲ್ಲಿ ಮಂಜು.

ನೀನಾ ಗ್ರಿಗೊರಿಯೆವ್ನಾ ಕೈ ಎತ್ತಿದರು. "ಬೆಳಗ್ಗೆಯಿಂದ ಎಲ್ಲರೂ ನನ್ನನ್ನ ಲಂಡನ್ನಿನ ಮಂಜಲ್ಲೇ ನಿಲ್ಲಿಸಿದ್ದಾರೆ, ನಂಗೆ ನೆಗಡಿಯಾಗೋ ಹಾಗಿದೆ. ನಿನಗೆ ಗೊತ್ತಿರೋ ಮಂಜು ಯಾವುದಾದ್ರೂ ಇದ್ರೆ ಹೇಳು."

ಗೊತ್ತಿದ್ದದ್ದು ಒಂದೇ. ನಾನು ಕಂಡದ್ದೂ ಅಲ್ಲ, ನಿಮ್ಮ ಕಾಗದದಲ್ಲಿ ಓದಿದ್ದು. ಬೇಸಿಗೆಯಿಡೀ ನಾನು ಆ ಮಂಜಿನೊಳಗೇ ಓಡಾಡಿಕೊಂಡಿದ್ದೆ. ಹೇಳತೊಡಗಿದೆ. ಕುದುರೆ, ಮರಿ, ಏರಿ, ಬೋಗುಣಿ. ಕೆಲವು ಮಾತು ಸಿಗಲಿಲ್ಲ, ಕೈಯಲ್ಲಿ ತೋರಿಸಿದೆ. ವರ್ಷವಿಡೀ ಕಲಿತ ಇಂಗ್ಲಿಷಿನಲ್ಲಿ ನಾನು ಒಂದು ನಿಜವನ್ನು ಹೇಳುತ್ತಿದ್ದದ್ದು ಅದೇ ಮೊದಲು. ಎಲ್ಲ ಗಂಡಸರೂ ಓಗೊಟ್ಟದ್ದನ್ನು ಹೇಳಿದಾಗ ಟೀಚರ್ ನಕ್ಕರು. ಪಟ್ಟಣದ ಮಾವ ನಗಲಿಲ್ಲ. ಅವರು ಆ ಕಮರಿ ಬಲ್ಲವರು.

"ಕಲ್ಲು ಉರುಳಿತು. ಆಗ ನನ್ನ ಅತ್ತೆ ಕೂಗಿದರು," ಎಂದೆ. ಅಲ್ಲಿಗೆ ನಿಂತೆ.

"ಏನಂತ ಕೂಗಿದರು?" ಎಂದರು ಟೀಚರ್.

ಜೂನಿನಲ್ಲಿ ಬಂದ ಅದೇ ಮೌನ ಮತ್ತೆ ಬಂತು ಅಪಾ. ಅವರ ಕೈ ಪೆನ್ನಿನ ಕಡೆ ಹೋಯಿತು. ಪಟ್ಟಣದ ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು, ನನ್ನ ಕಷ್ಟ ನೋಡಲಾರದೆ. ಅಲ್ಲಿಗೇ ಕತೆ ನಿಲ್ಲಿಸಿದರೆ ಮಾವನವರು ಮಂಜಿನೊಳಗೇ ಉಳಿದುಬಿಡುತ್ತಾರೆ ಅನ್ನಿಸಿತು. ಅವರನ್ನು ಹೊರಗೆ ಕರೆತರಲು ಇನ್ನೊಂದು ದಾರಿ ಇರಲಿಲ್ಲ.

ಹೇಳಿದೆ. ಮೆಲ್ಲಗೆ ಅಲ್ಲ. ನೀವು ಹೇಗೆ ಕೂಗಿರಬಹುದೋ ಹಾಗೆ, ಗಟ್ಟಿಯಾಗಿ. ಆಚೆ ಕಾರಿಡಾರಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾದರು.

ಪಟ್ಟಣದ ಮಾವ ತಿರುಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ, ಆ ಕೊಠಡಿಯಲ್ಲಿ ಯಾರೂ ಆಡಬಾರದ ನಮ್ಮ ಕಿರ್ಗಿಜ್‌ನಲ್ಲಿ ಹೇಳಿದರು:

"ಇನ್ನೊಂದ್ಸಲ ಹೇಳಮ್ಮಾ."

ನೀನಾ ಗ್ರಿಗೊರಿಯೆವ್ನಾ ಅವರನ್ನು ನೋಡಿದರು, ನನ್ನನ್ನು ನೋಡಿದರು, ಪೆನ್ನಿನಿಂದ ಕೈ ತೆಗೆದರು. ನಾನು ಇನ್ನೊಂದು ಸಲ ಹೇಳಿದೆ.

ಪಾಸಾಗಿದ್ದೇನೆ. ಆದರೆ ಅದು ಆಮೇಲಿನ ಮಾತು. ಮಾವನವರು ಕೋಪ ಮಾಡಿಕೊಂಡು "ಬಾ" ಎಂದರೆ ಬರುತ್ತೇನೆ. ಅವರ ಹೆಸರನ್ನು ಅಪ್ಪಣೆಯಿಲ್ಲದೆ ತೆಗೆದುಕೊಂಡೆ, ಅದರ ಮೇಲೆ ಓದನ್ನೂ ಕೇಳಲು ನನಗೆ ಬಾಯಿಲ್ಲ. ಉತ್ತರ ಬರುವವರೆಗೆ ಪುಸ್ತಕ ಮುಟ್ಟುವುದಿಲ್ಲ.

ನಿಮ್ಮಿಬ್ಬರ ಸೊಸೆ,
ಕನಿಷಾಯ್


ಸಾರಿ-ಜೋನ್
14 ಸೆಪ್ಟೆಂಬರ್ 2003

ಸೊಸೆ ಕನಿಷಾಯ್‌ಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಅಕ್ಷರ ಸೊಟ್ಟ ಇದ್ದರೆ ಅದು ಮೊಣಕಾಲ ಮೇಲೆ ಇಟ್ಟು ಬರೆದದ್ದಕ್ಕೆ. ಕನ್ನಡಕ ಹಾಕಿಕೊಂಡಿದ್ದೇನೆ. ಯಾರೂ ನೋಡುತ್ತಿಲ್ಲ.

ನಿನ್ನ ಕಾಗದವನ್ನು ನಿನ್ನ ಅತ್ತೆ ಪೂರ್ತಿ ಓದಿದಳು. ಓದಿ ಮುಗಿಸಿ, ನಾನು ಏನನ್ನುತ್ತೇನೋ ಎಂದು ಖಾಲಿಯಾಗದ ಬಟ್ಟಲಿಗೇ ಚಹಾ ಸುರಿಯುತ್ತಾ ಕೂತಳು. ನಾನು ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನು ಇಲ್ಲಿ ಬರೆಯುತ್ತೇನೆ.

ಪುಸ್ತಕ ತೆಗೆ. ಕೊನೆಯ ವರ್ಷದವರೆಗೂ ಓದು. ಪಾಸು ನಪಾಸಿನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹಾಲು ಕರೆಯಲು ಬೇರೆ ಕೈ ಸಿಕ್ಕೀತು.

ಆ ಹೆಸರು ಇಟ್ಟವಳು ನನ್ನ ಅವ್ವ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ನಿಲ್ಲಲಿಲ್ಲ, ಇವನಾದರೂ ನಿಲ್ಲಲಿ ಎಂದು ಹಾಗೆ ಕರೆದಳು. ನನ್ನ ತಮ್ಮ ಕೂಡ ಅದನ್ನು ಬಾಯಿಗೆ ತಂದವನಲ್ಲ, ಅವನಿಗೆ ನಾನು ಯಾವತ್ತೂ ಅಣ್ಣ. ಅವನು ಇನ್ನೊಂದು ಸಲ ಎಂದು ಯಾಕೆ ಕೇಳಿದನೆಂದು ನನಗೆ ಗೊತ್ತು. ಮನೆಯೊಳಗೆ ಎಲ್ಲ ಹಿಂದಿನ ಹಾಗೇ ಇರಲಿ. ನಿನ್ನ ಆ ಇಂಗ್ಲಿಷಿನಲ್ಲಿ ಎಲ್ಲಿ ಬೇಕಾದರೂ ಹೇಳು, ನಾಚಿಕೊಳ್ಳಬೇಡ.

ಇನ್ನೊಂದು ಮಾತು, ಇದನ್ನು ನಿನ್ನ ಅತ್ತೆಗೆ ತಿಳಿಸಬೇಡ. ಕೆಳಗಿಳಿಯುವ ದಿನ ಹತ್ತಿರ ಬಂತು, ಮಂಜು ಆಗಾಗ ಬೀಳುತ್ತಿದೆ. ಬಿದ್ದಾಗಲೆಲ್ಲ ಕುದುರೆಯ ನೆಪ ಹೇಳಿ ಎದ್ದು ಹೋಗಿ ಸ್ವಲ್ಪ ದೂರದಲ್ಲಿ ಒಂದು ಬಂಡೆಯ ಮೇಲೆ ಕೂರುತ್ತೇನೆ. ಅವಳು ಬೋಗುಣಿ ಬಡಿಯುತ್ತಾಳೆ. "ಇವರೇ" ಅನ್ನುತ್ತಾಳೆ. "ಮಗನ ಅಪ್ಪಾ" ಅನ್ನುತ್ತಾಳೆ. ಎಲ್ಲ ಕೇಳಿಸುತ್ತದೆ. ನಾನು ಓಗೊಡದೆ ಕಾಯುತ್ತೇನೆ.

ತುರ್ದುಬಾಯ್